ಟೊಮೆಟೊ ಕೊಯ್ಯುವ ಮುಹೂರ್ತ

ಮನೆಯ ಹಿತ್ತಲಲ್ಲೋ ಮಹಡಿಯ ಮೇಲಿನ ಕುಂಡಗಳಲ್ಲೋ ನಾಲ್ಕು ಟೊಮೆಟೊ ಗಿಡಗಳನ್ನು ಬೆಳೆಸಿದವರಿಗೆ ಒಂದು ಸಂದಿಗ್ಧ ತಪ್ಪಿದ್ದಲ್ಲ. ಇಂದು ಕೊಯ್ದರೆ ಬರಿಯ ಹುಳಿಯಾಗಿ ಉಳಿದೀತೆ? ನಾಳೆಯವರೆಗೆ ಬಿಟ್ಟರೆ ಅಳಿಲಿನ ಪಾಲಾದೀತೆ? ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಪ್ರಶ್ನೆ ಸಣ್ಣದೊಂದು ವ್ಯಾಜ್ಯಕ್ಕೇ ಕಾರಣವಾಯಿತು. ಹಣ್ಣಿನ ತಳ ತುಸು ಕೆಂಪಾದೊಡನೆ ಕೊಯ್ದು ಒಳಗಿಡಬೇಕೆಂಬುದು ನಮ್ಮ ತಾಯಿಯವರ ಪಕ್ಷ. ಗಿಡದ ಮೇಲೆಯೇ ಪೂರ್ತಿ ಕೆಂಪೇರಲಿ, ಬಿಸಿಲುಂಡಷ್ಟೂ ರುಚಿ ಹೆಚ್ಚುವುದೆಂಬುದು ನನ್ನ ಪಕ್ಷ. ಭೌತಶಾಸ್ತ್ರದ ಅಧ್ಯಾಪಕನ ಮಾತಲ್ಲವೆ, ಅದೇ ಗೆದ್ದಿತು. ಇದ್ದ ಹನ್ನೆರಡು ಹಣ್ಣುಗಳಲ್ಲಿ ನಾಲ್ಕನ್ನು ಅಳಿಲು ಕಚ್ಚಿತು. ಒಂದು ಸಂಜೆಯ ಮಳೆಗೆ ಆರು ಬಿರಿದುವು. ನಮಗೆ ದಕ್ಕಿದುವು ಎರಡೇ. “ನಿನ್ನ ಶಾಸ್ತ್ರ ಅಳಿಲಿಗೆ ಚೆನ್ನಾಗಿ ಊಟ ಹಾಕಿತು ನೋಡಪ್ಪ” ಎಂದರು ತಾಯಿ. ಆಮೇಲೆ ಶಾಸ್ತ್ರವನ್ನು ಸರಿಯಾಗಿ ಓದಿದಾಗ ತಿಳಿಯಿತು, ತಪ್ಪು ಅದರದಲ್ಲ, ನನ್ನದು.

ಟೊಮೆಟೊ ಬದನೆಯ ಹತ್ತಿರದ ನಂಟ. ಎರಡೂ ‘ಸೊಲಾನಮ್’ ಎಂಬ ಒಂದೇ ಕುಲಕ್ಕೆ ಸೇರಿದುವು. ಚಪ್ಪರಬದನೆ ಎಂಬ ಹಳೆಯ ಹೆಸರು ಈ ನಂಟನ್ನು ನೆನಪಿಗೆ ತರುತ್ತದೆ. ಆದರೆ ಬದನೆಯನ್ನು ನಾವು ಎಳೆಯದಿರುವಾಗಲೇ ಕೊಯ್ಯುತ್ತೇವೆ, ಟೊಮೆಟೊ ಮಾಗಬೇಕು. ಮಾಗುವಿಕೆಯಲ್ಲಿಯೂ ಎರಡು ಬಗೆಯುಂಟು. ದ್ರಾಕ್ಷಿ, ಕಿತ್ತಳೆಗಳನ್ನು ಕಿತ್ತ ಮೇಲೆ ಅವು ಇನ್ನಷ್ಟು ಸಿಹಿಯಾಗುವುದಿಲ್ಲ. ಮಾವು, ಬಾಳೆ, ಟೊಮೆಟೊಗಳಾದರೋ ತಕ್ಕಷ್ಟು ಬಲಿತಿದ್ದರೆ ಗಿಡವನ್ನು ಬಿಟ್ಟ ಮೇಲೂ ಮಾಗುತ್ತವೆ.

ಇದರ ಗುಟ್ಟು ಎಥಿಲೀನ್ ಎಂಬ ಅನಿಲದಲ್ಲಿದೆ. ೧೯೦೧ರಲ್ಲಿ ರಷ್ಯದ ಸಸ್ಯವಿಜ್ಞಾನಿ ನೆಲ್ಯುಬೋವ್, ಪ್ರಯೋಗಶಾಲೆಯ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಅಡ್ಡಡ್ಡ ಬಾಗುವುದೇಕೆಂದು ಹುಡುಕುತ್ತ, ದೀಪದ ಅನಿಲದಲ್ಲಿ ಬೆರೆತ ಎಥಿಲೀನೇ ಅದಕ್ಕೆ ಕಾರಣವೆಂದು ತೋರಿಸಿದನು. ಹಣ್ಣುಗಳು ತಾವೇ ಈ ಅನಿಲವನ್ನು ತಯಾರಿಸುತ್ತವೆ ಎಂಬುದನ್ನು ೧೯೩೪ರಲ್ಲಿ ಇಂಗ್ಲೆಂಡಿನ ಗೇನ್ ಎಂಬುವನು ಸ್ಥಿರಪಡಿಸಿದನು. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ನಮ್ಮ ಹಳ್ಳಿಗಳ ಪದ್ಧತಿಯನ್ನು ವಾಚಕರು ಬಲ್ಲರಷ್ಟೆ. ಆ ಹೊಗೆಯಲ್ಲಿಯೂ ಎಥಿಲೀನ್ ಉಂಟು. ಈ ಅನಿಲದ ವೈಚಿತ್ರ್ಯವೆಂದರೆ, ಅದು ತುಸು ಹುಟ್ಟಿದೊಡನೆ ಇನ್ನಷ್ಟು ಎಥಿಲೀನ್ ಹುಟ್ಟುವಂತೆ ಹಣ್ಣನ್ನು ಪ್ರಚೋದಿಸುತ್ತದೆ. ಒಣಹುಲ್ಲಿನ ಬಣವೆಗೆ ಬಿದ್ದ ಕಿಡಿಯಂತೆ, ಒಮ್ಮೆ ಹೊತ್ತಿದ ಮೇಲೆ ಅದಕ್ಕೆ ಗಿಡದ ಅಪ್ಪಣೆ ಬೇಕಿಲ್ಲ.

ಹಾಗಾದರೆ ಕಿಡಿ ಹೊತ್ತಿತೆಂದು ತಿಳಿಯುವುದು ಹೇಗೆ? ಕಾಯಿ ಮೊದಲು ಗಾತ್ರದಲ್ಲಿ ಬೆಳೆದು, ಬೀಜ ಬಲಿತು, ಬೀಜದ ಸುತ್ತ ಲೋಳೆ ತುಂಬಿಕೊಳ್ಳಬೇಕು. ಅನುಮಾನವಿದ್ದರೆ ಒಂದು ಹಸಿರು ಕಾಯನ್ನು ಹರಿತವಾದ ಚಾಕುವಿನಿಂದ ಅಡ್ಡಲಾಗಿ ಕೊಯ್ದು ನೋಡಬಹುದು. ಬೀಜಗಳು ಕತ್ತರಿಸಿದರೆ ಕಾಯಿ ಇನ್ನೂ ಎಳೆಯದು. ಲೋಳೆಯಲ್ಲಿ ಜಾರಿ ಚಾಕುವಿನಿಂದ ತಪ್ಪಿಸಿಕೊಂಡರೆ ಬಲಿತಿದೆ. ಬಲಿತ ಕಾಯಿಯ ಬಣ್ಣ ಒಳಗಿನಿಂದ ತಿರುಗಲಾರಂಭಿಸಿ, ಹೊರಗೆ ಮೊದಲು ತೊಟ್ಟಿನ ಎದುರಿನ ತುದಿಯಲ್ಲಿ, ಎಂದರೆ ತಳದಲ್ಲಿ, ಕಾಣಿಸಿಕೊಳ್ಳುತ್ತದೆ. ಅಮೆರಿಕದ ಕೃಷಿ ಇಲಾಖೆ ಟೊಮೆಟೊ ಮಾಗುವಿಕೆಯನ್ನು ಆರು ಹಂತಗಳಾಗಿ ವಿಂಗಡಿಸಿದೆ. ಮೊದಲನೆಯದು ಪೂರ್ತಿ ಹಸಿರು. ಮೇಲ್ಮೈಯ ಹತ್ತನೆಯ ಒಂದು ಪಾಲನ್ನು ಮೀರದಂತೆ ಬಣ್ಣ ತಿರುಗಿದ್ದರೆ ಅದು ಎರಡನೆಯದು. ಕಿಡಿ ಹೊತ್ತಿದ ಗುರುತು ಇದೇ.

ಈ ಬಣ್ಣದ ಬದಲಾವಣೆಯಲ್ಲಿ ಭೌತಶಾಸ್ತ್ರದ ಸೊಗಸಾದ ಪಾಠವೊಂದು ಅಡಗಿದೆ. ಕಾಯಿಯ ಪತ್ರಹರಿತ್ತು ಬಿಳಿಯ ಬೆಳಕಿನ ಕೆಂಪು, ನೀಲಿಗಳನ್ನು ಹೀರಿ ಹಸಿರನ್ನು ಉಳಿಸುತ್ತದೆ. ಅದು ಕರಗುತ್ತಿರುವಂತೆಯೇ ಲೈಕೋಪೀನ್ ಎಂಬ ವರ್ಣದ್ರವ್ಯ ಸಿದ್ಧವಾಗುತ್ತದೆ. ಇದರ ಮೂಲವಸ್ತುವಿನ ಅಣುವಿನಲ್ಲಿ ಒಂದು ಬಿಟ್ಟು ಒಂದರಂತೆ ಬರುವ ಜೋಡಿಬಂಧಗಳ ಸರಣಿಯಲ್ಲಿ ಇರುವುವು ಮೂರೇ ಜೋಡಿಬಂಧಗಳು; ಅದಕ್ಕೆ ಬಣ್ಣವಿಲ್ಲ. ಹಣ್ಣು ಅವನ್ನು ಐದು, ಏಳು, ಒಂಬತ್ತು ಎಂದು ಹೆಚ್ಚಿಸುತ್ತ ಹನ್ನೊಂದಕ್ಕೆ ಒಯ್ಯುತ್ತದೆ. ತಂಬೂರಿಯ ತಂತಿ ಉದ್ದವಾದಷ್ಟೂ ಶ್ರುತಿ ಇಳಿಯುವುದಲ್ಲವೆ? ಹಾಗೆಯೇ ಸರಣಿ ಉದ್ದವಾದಷ್ಟೂ ಅದರಲ್ಲಿನ ಎಲೆಕ್ಟ್ರಾನುಗಳು ಹೀರುವ ಬೆಳಕು ಅತಿನೇರಿಳೆಯಿಂದ ನೀಲಿಗೆ, ನೀಲಿಯಿಂದ ಹಸಿರಿನ ಅಂಚಿಗೆ ಇಳಿಯುತ್ತದೆ. ಲೈಕೋಪೀನ್ ಸುಮಾರು ೫೦೦ ನ್ಯಾನೋಮೀಟರ್ ತರಂಗದೂರದವರೆಗಿನ ನೀಲಿ, ಹಸಿರುಗಳನ್ನು ನುಂಗಿ ಕೆಂಪನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಕೆಂಪು ಗಾಜುಕಾಗದವನ್ನು ಎರಡು ಮಡಿಕೆ ಮಾಡಿ ಅದರ ಮೂಲಕ ಗಿಡವನ್ನು ನೋಡಿರಿ: ಎಲೆಗಳೂ ಹಸಿರು ಕಾಯಿಗಳೂ ಕಪ್ಪಾಗಿ, ಬಣ್ಣ ತಿರುಗಿದ ಭಾಗ ಬೆಳ್ಳಗೆ ಹೊಳೆದು ಕಾಣುತ್ತವೆ.

ಬಿಸಿಲಿನ ವಿಚಾರದಲ್ಲಿ ನಾನು ಎಡವಿದ್ದು ಇಲ್ಲಿಯೇ. ಮಾಗುವುದಕ್ಕೆ ಹಣ್ಣಿನ ಮೇಲೆ ಬಿಸಿಲು ಬೀಳಲೇಬೇಕೆಂದಿಲ್ಲ. ಬೇಕಾದುದು ಹಿತವಾದ ಉಷ್ಣತೆ, ಸುಮಾರು ೨೦ರಿಂದ ೨೫ ಡಿಗ್ರಿ ಸೆಲ್ಸಿಯಸ್. ೩೦ ಡಿಗ್ರಿಯನ್ನು ದಾಟಿದಂತೆ ಲೈಕೋಪೀನಿನ ತಯಾರಿಕೆ ಕುಂಠಿತವಾಗುತ್ತದೆ. ಹಳದಿಯ ಕೆರೋಟೀನ್ ಮಾತ್ರ ಮುಂದುವರಿದು, ಹಣ್ಣು ಕಿತ್ತಳೆಯ ಬಣ್ಣದಲ್ಲಿಯೇ ನಿಂತುಬಿಡುತ್ತದೆ. ನೇರ ಬಿಸಿಲಿಗೆ ಒಡ್ಡಿದ ಹಣ್ಣು ಸುತ್ತಣ ಗಾಳಿಗಿಂತಲೂ ಬಿಸಿಯಾಗಿರುತ್ತದೆಂಬುದನ್ನು ಮರೆಯಬಾರದು. ಬಳ್ಳಾರಿ, ರಾಯಚೂರುಗಳ ಬೇಸಗೆಯಲ್ಲಿ ಗಿಡದ ಮೇಲೆ ಕೆಂಪಿಗಾಗಿ ಕಾಯುವುದೆಂದರೆ ಬಾರದ ಬಸ್ಸಿಗೆ ಕಾದಂತೆ. ಇನ್ನು ಮಳೆಯ ಮಾತು. ಒಣಗಿದ ಮಣ್ಣಿಗೆ ಒಮ್ಮೆಲೆ ನೀರು ಬಿದ್ದಾಗ ಹಣ್ಣಿನೊಳಕ್ಕೆ ನೀರು ನುಗ್ಗಿ ತಿರುಳು ಉಬ್ಬುತ್ತದೆ; ಮಾಗಿದ ಸಿಪ್ಪೆ ಅಷ್ಟು ಹಿಗ್ಗಲಾರದೆ ಬಿರಿಯುತ್ತದೆ.

ಆದುದರಿಂದ ನಿಯಮ ಸರಳವಾದುದು. ದಿನವೂ ಹಣ್ಣಿನ ತಳವನ್ನು ನೋಡಿರಿ. ನಸುಗೆಂಪು ಮೂಡಿದ ಮೇಲೆ, ಮಳೆ, ಅಳಿಲು, ಉರಿಬಿಸಿಲುಗಳ ಭಯವಿದ್ದಲ್ಲಿ, ತೊಟ್ಟಿನ ಗಂಟಿನ ಬಳಿ ಬಾಗಿಸಿ ಕಳಚಿ, ಒಳಗೆ ನೆರಳಿನಲ್ಲಿ ಒಂದೇ ಪದರವಾಗಿ ಹರಡಿಡಿರಿ. ಹಣ್ಣು ಉಸಿರಾಡುವುದರಿಂದ ಗಾಳಿಯಾಡುವಂತಿರಲಿ. ಸುಮಾರು ಒಂದು ವಾರದಲ್ಲಿ ಕೆಂಪೇರಿ, ಮೆಲ್ಲನೆ ಒತ್ತಿದರೆ ತುಸು ಬಳುಕುವಂತಾಗುತ್ತದೆ. ಭಯವೇ ಇಲ್ಲದಿದ್ದರೆ ಗಿಡದಲ್ಲಿಯೇ ಬಿಡಬಹುದು. ಸಕ್ಕರೆಯ ಅಂಶ ಸ್ವಲ್ಪ ಹೆಚ್ಚೀತು. ಹಳದಿ ಜಾತಿಗಳು ಕೆಂಪಾಗಲಾರವಾದ್ದರಿಂದ ಅವುಗಳಲ್ಲಿ ಹಸಿರು ಮಾಯವಾಗುವುದನ್ನೂ ಮೃದುತ್ವವನ್ನೂ ನೋಡಬೇಕು. ಹಣ್ಣಾಗುವ ಮುನ್ನ ಶೀತಕ ಪೆಟ್ಟಿಗೆಯಲ್ಲಿ ಇಡಲೇಬಾರದು. ಸುಮಾರು ೫ ಡಿಗ್ರಿಯ ಚಳಿಯಲ್ಲಿ ಒಂದು ವಾರ ಇಟ್ಟ ಟೊಮೆಟೊಗಳಲ್ಲಿ ಪರಿಮಳದ ದ್ರವ್ಯಗಳನ್ನು ತಯಾರಿಸುವ ಜೀನುಗಳ ಕೆಲಸವೇ ತಗ್ಗುತ್ತದೆಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ನಮ್ಮ ತಾಯಿಯವರಿಗೆ ಎಥಿಲೀನಿನ ಹೆಸರು ಗೊತ್ತಿರಲಿಲ್ಲ. ಹಣ್ಣಿನ ತಳವನ್ನು ನೋಡಬೇಕೆಂಬುದು ಗೊತ್ತಿತ್ತು. ಆದರೂ ಅವರ ಮಾತನ್ನಾಗಲಿ ನನ್ನ ಮಾತನ್ನಾಗಲಿ ವಾಚಕರು ಹಾಗೆಯೇ ನಂಬಬೇಕಾಗಿಲ್ಲ. ಒಂದೇ ದಿನ ತಳ ಕೆಂಪಾದ ಆರು ಹಣ್ಣುಗಳನ್ನು ಆರಿಸಿರಿ. ಮೂರನ್ನು ಕೊಯ್ದು ಒಳಗಿಡಿರಿ, ಮೂರನ್ನು ಬಲೆ ಕಟ್ಟಿ ಗಿಡದಲ್ಲಿಯೇ ಬಿಡಿರಿ. ಎಲ್ಲವೂ ಕೆಂಪಾದ ಮೇಲೆ, ಕಣ್ಣು ಕಟ್ಟಿಕೊಂಡ ಮನೆಯವರಿಗೆ ಒಂದೊಂದು ಹೋಳು ಕೊಟ್ಟು ಯಾವುದು ಎಲ್ಲಿಯದೆಂದು ಕೇಳಿರಿ. ಉತ್ತರವನ್ನು ಬರೆದಿಡಿರಿ. ನನ್ನಂತೆ ಹತ್ತು ಹಣ್ಣುಗಳನ್ನು ಕಳೆದುಕೊಂಡು ಕಲಿಯುವುದಕ್ಕಿಂತ ಇದು ಅಗ್ಗದ ಪಾಠ.