ವಿರಕ್ತ: ಬಣ್ಣ ಬಿಟ್ಟ ಮನಸ್ಸು

ವಿರಕ್ತ ಮಠ, ವಿರಕ್ತ ಪರಂಪರೆ, ವಿರಕ್ತ ಸ್ವಾಮಿಗಳು ಎಂಬ ಮಾತುಗಳು ನಮ್ಮ ಕಿವಿಗೆ ಬಹಳ ಪರಿಚಿತ. ಮಠದ ನಾಮಫಲಕದಲ್ಲಿ, ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ ಓದಿ ಓದಿ ರೂಢಿಯಾಗಿರುವುದರಿಂದ ಈ ಶಬ್ದದ ಒಳಗೇನಿದೆ ಎಂದು ನಿಂತು ನೋಡುವವರು ಕಡಿಮೆ. ಕೇಳಿದರೆ, ಮನೆ ಬಿಟ್ಟವರು, ಮದುವೆಯಾಗದವರು, ಕಾವಿ ಉಟ್ಟವರು ಎಂಬ ಉತ್ತರ ಬರುತ್ತದೆ. ಆ ಉತ್ತರ ತಪ್ಪಲ್ಲ. ಆದರೆ ಅದು ಶಬ್ದದ ಹೊರಮೈ ಮಾತ್ರ. ಹೊರಮೈಯನ್ನೇ ಅರ್ಥವೆಂದು ಹಿಡಿದುದರಿಂದ ಒಂದು ನಷ್ಟವೂ ಆಗಿದೆ. ವಿರಕ್ತಿಯು ಸ್ವಾಮಿಗಳ ಪಾಲಿನದು, ಸಂಸಾರಸ್ಥರಿಗೆ ಅದರಿಂದ ವಿನಾಯಿತಿ ಉಂಟು ಎಂಬ ಭಾವನೆ ಭಕ್ತರಲ್ಲಿ ಬೇರೂರಿದೆ.

ವಿರಕ್ತ ಎಂದರೆ ರಕ್ತವಿಲ್ಲದವರೇ ಎಂದು ಚಿಕ್ಕ ಮಕ್ಕಳು ಕೇಳುವುದುಂಟು. ನಗಬೇಕಾಗಿಲ್ಲ, ಮಕ್ಕಳು ಸರಿಯಾದ ಬಾಗಿಲನ್ನೇ ತಟ್ಟಿದ್ದಾರೆ. ಸಂಸ್ಕೃತದ ‘ರಂಜ್’ ಧಾತುವಿಗೆ ಬಣ್ಣವೇರು, ಕೆಂಪಾಗು ಎಂದು ಅರ್ಥ. ನೆತ್ತರಿಗೆ ರಕ್ತವೆಂಬ ಹೆಸರು ಬಂದುದು ಅದರ ಕೆಂಪಿನಿಂದಲೇ. ರಾಗ, ರಂಜನೆ, ಅನುರಾಗ, ಅನುರಕ್ತ ಇವೆಲ್ಲ ಅದೇ ಬೇರಿನ ಚಿಗುರುಗಳು. ಬಿಳಿಯ ಬಟ್ಟೆಯು ಬಣ್ಣವನ್ನು ಹೀರಿಕೊಳ್ಳುವಂತೆ ಮನಸ್ಸು ತಾನು ಕಂಡ ವಸ್ತುವನ್ನು ಹೀರಿಕೊಂಡು ಅದರ ಬಣ್ಣಕ್ಕೆ ತಿರುಗಿದರೆ ಅದು ರಾಗ. ‘ವಿ’ ಎಂಬ ಉಪಸರ್ಗ ಇಲ್ಲಿ ಅಗಲಿಕೆಯನ್ನು ಹೇಳುತ್ತದೆ. ಬಣ್ಣ ಬಿಟ್ಟುಹೋಗುವುದು ವಿರಾಗ. ಅದರ ಭಾವವೇ ವೈರಾಗ್ಯ. ಹಾಗೆ ಬಣ್ಣ ಕಳೆದುಕೊಂಡವನು ವಿರಕ್ತ. ಈ ಪದ ಬಸವಾದಿ ಶರಣರ ಕಾಲಕ್ಕಿಂತ ಬಹು ಹಿಂದಿನದು. ಬೌದ್ಧರ ಪಾಲಿ ಗ್ರಂಥಗಳಲ್ಲಿ ವಿರಾಗವಿದೆ. ಪತಂಜಲಿಯ ಯೋಗಸೂತ್ರ ಮತ್ತು ಭಗವದ್ಗೀತೆ ಎರಡೂ ಮನಸ್ಸಿನ ನಿಗ್ರಹಕ್ಕೆ ಅಭ್ಯಾಸ, ವೈರಾಗ್ಯ ಎಂಬ ಜೋಡಿಯನ್ನು ಹೇಳುತ್ತವೆ.

ತ್ಯಾಗವನ್ನು ಸೂಚಿಸುವ ಇತರ ಪದಗಳೊಡನೆ ಇಟ್ಟು ನೋಡಿದರೆ ಇದರ ವಿಶೇಷ ತಿಳಿಯುತ್ತದೆ. ತಪಸ್ಸು ಎಂಬುದರ ಮೂಲ ‘ತಪ್’, ಅಂದರೆ ಕಾಯುವುದು, ಸುಡುವುದು. ಅಲ್ಲಿ ದೇಹವನ್ನು ದಂಡಿಸುವ ಛಾಯೆ ಇದೆ. ಸಂನ್ಯಾಸವೆಂದರೆ ಕೆಳಗಿಡುವುದು, ತೊರೆಯುವುದು. ಅಲ್ಲಿ ಕೈಯಲ್ಲಿದ್ದುದನ್ನು ಬಿಡುವ ಕ್ರಿಯೆ ಮುಖ್ಯ. ವಿರಕ್ತಿಯಲ್ಲಿ ಬೆಂಕಿಯೂ ಇಲ್ಲ, ಇಳಿಸಬೇಕಾದ ಹೊರೆಯೂ ಇಲ್ಲ. ಬಟ್ಟೆ ಇದ್ದಲ್ಲೇ ಇರುತ್ತದೆ, ಬಣ್ಣ ಮಾತ್ರ ಹೋಗುತ್ತದೆ. ಆದುದರಿಂದ ವಸ್ತುವನ್ನು ಬಿಟ್ಟವನು ವಿರಕ್ತನಾಗದೆ ಉಳಿಯಬಹುದು. ಶ್ರಾವಣ ಮಾಸದಲ್ಲಿ ಒಪ್ಪೊತ್ತು ಮಾಡಿ, ಹಸಿವಿನ ಲೆಕ್ಕವನ್ನು ನೆರೆಹೊರೆಗೆಲ್ಲ ಒಪ್ಪಿಸುವವರನ್ನು ನಾವು ಕಂಡಿದ್ದೇವೆ. ಅವರು ಬಿಟ್ಟುದು ಊಟವನ್ನು. ಹಿಡಿದುದು ಇನ್ನೊಂದು ಗಾಢವಾದ ಬಣ್ಣವನ್ನು.

ಇಲ್ಲೊಂದು ವಿನೋದವೂ ಇದೆ. ಬಣ್ಣ ಬಿಟ್ಟವನಿಗೆ ಉಡಲು ಕೊಟ್ಟುದು ಬಣ್ಣದ ಬಟ್ಟೆಯನ್ನೇ! ಕಾಷಾಯ ಎಂಬ ಹೆಸರು ಕಷಾಯದಿಂದ ಬಂದುದು. ನೆಗಡಿಗೆ ನಾವು ಕುದಿಸಿ ಕುಡಿಯುವ ಕಷಾಯವೂ ಅದೇ ಪದ. ಜೈನರು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕನ್ನು ಕಷಾಯಗಳೆಂದು ಕರೆದರು. ಮನಸ್ಸಿನ ಕಲೆಗೂ ಕಲೆ ತೊಳೆದವನ ಉಡುಪಿಗೂ ಒಂದೇ ಮೂಲದ ಹೆಸರು ಎಂಬುದು ಕಾವಿ ತೊಟ್ಟ ನಮ್ಮಂಥವರು ಮರೆಯಬಾರದ ಸಂಗತಿ.

ಶರಣರು ಈ ಪದವನ್ನು ಮನೆಯ ಹೊಸ್ತಿಲೊಳಗೆ ತಂದರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ಅವರ ಮನೆಯ ದಾಸೋಹ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಏಕೆ ಎಂದು ಕೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದರು.

ಈ ತಾಯಿ ಮನೆ ಬಿಡಲಿಲ್ಲ, ಗಂಡನನ್ನು ಬಿಡಲಿಲ್ಲ, ಕಾಯಕ ಬಿಡಲಿಲ್ಲ, ಒಲೆ ಆರಿಸಲಿಲ್ಲ. ಅವರಲ್ಲಿ ಇಲ್ಲದೆ ಹೋದುದು ‘ನಾಳೆಗಿರಲಿ’ ಎಂಬ ಬಣ್ಣ ಒಂದೇ. ಬಡತನವೇ ವಿರಕ್ತಿ ಎಂದು ಈ ಕಥೆಯಿಂದ ಅರ್ಥ ತೆಗೆಯುವವರಿದ್ದಾರೆ; ಅದನ್ನು ನಾವು ಒಪ್ಪುವುದಿಲ್ಲ. ಇಲ್ಲದ್ದಕ್ಕಾಗಿ ಹಸಿದಿರುವುದು ಕಷ್ಟ, ಅದನ್ನು ನೀಗಿಸುವುದು ಸಮಾಜದ ಹೊಣೆ. ಲಕ್ಕಮ್ಮನವರ ಮುಂದೆ ಅಕ್ಕಿ ಇತ್ತು. ಇದ್ದುದರ ಎದುರಿಗೆ ಅವರ ಮನಸ್ಸು ಬಣ್ಣಕ್ಕೆ ತಿರುಗಲಿಲ್ಲ ಎಂಬುದೇ ಅವರ ಹಿರಿಮೆ.

ವಿರಕ್ತರು ಒಂದು ಪರಂಪರೆಯಾಗಿ ಎದ್ದು ಕಾಣುವುದು 15ನೆಯ ಶತಮಾನದಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರಿದ್ದರೆಂದು ನಮ್ಮ ಹಿರಿಯರು ನೆನೆಯುತ್ತಾರೆ. ಅನಂತರ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳ ಹಿಂದೆ ಏಳುನೂರೊಂದು ವಿರಕ್ತರು ಸಂಚರಿಸಿದರೆಂಬುದು ಸಂಪ್ರದಾಯ. ಸಂಖ್ಯೆಗಿಂತ ಅವರು ಮಾಡಿದ ಕೆಲಸ ದೊಡ್ಡದು. ಕಲ್ಯಾಣದ ಬಳಿಕ ಚದುರಿಹೋಗಿದ್ದ ವಚನಗಳನ್ನು ಹುಡುಕಿ, ಓಲೆಗರಿಗಳಲ್ಲಿ ಬರೆದು, ಸ್ಥಲಕಟ್ಟಿಗೆ ಅಳವಡಿಸಿ, ಟೀಕೆ ರಚಿಸಿ ಉಳಿಸಿದವರಲ್ಲಿ ವಿರಕ್ತರೇ ಮುಂಚೂಣಿಯವರು. ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಈ ಯುಗದವರು. ಜಗತ್ತಿನಲ್ಲಿ ಆಸಕ್ತಿಯೇ ಇಲ್ಲದವರು ಇಷ್ಟು ಶ್ರಮವನ್ನು ಏಕೆ ಪಡುತ್ತಿದ್ದರು? ತಮಗಾಗಿ ಬೇಕೆಂಬ ಬಣ್ಣ ಹೋದ ಮೇಲೆ ಉಳಿದ ಶಕ್ತಿ ಎತ್ತ ಹರಿಯುತ್ತದೆ ಎಂಬುದಕ್ಕೆ ಆ ಓಲೆಗರಿಗಳೇ ಸಾಕ್ಷಿ.

ನಮ್ಮ ಕಣ್ಣೆದುರಿನ ಸಾಕ್ಷಿಯೂ ಉಂಟು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು ಸ್ವಂತ ಸಂಸಾರವಿಲ್ಲದವರು. ಆದರೆ ಸಾವಿರಾರು ಮಕ್ಕಳ ಊಟ, ವಸತಿ, ಓದುಗಳ ಚಿಂತೆಯನ್ನು ದಶಕಗಟ್ಟಲೆ ಹೊತ್ತರು. ಯಾರ ಮಗ, ಯಾವ ಜಾತಿ ಎಂದು ಆ ಮಠದ ಪ್ರಸಾದದ ಪಂಕ್ತಿಯಲ್ಲಿ ಕೇಳಲಿಲ್ಲ.