ಇಳಿವಯಸ್ಸಿನಲ್ಲಿ ಮಧುಮೇಹದ ಮಾತ್ರೆ



ಮಧುಮೇಹವೆಂದೊಡನೆ ನಮ್ಮ ಮನಸ್ಸಿಗೆ ಬರುವ ಭಯವು ರಕ್ತದಲ್ಲಿ ಸಕ್ಕರೆ ಏರುವುದೆಂಬುದೊಂದೇ. ಈ ಭಯವು ಸಕಾರಣವಾದುದೇ. ಏರಿದ ಸಕ್ಕರೆಯು ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೆಡಿಸುತ್ತದೆ. ಆದರೆ ವೃದ್ಧರಿಗೆ ಇನ್ನೊಂದು ಅಪಾಯವುಂಟು. ಅದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಸಕ್ಕರೆಯು ಅತಿಯಾಗಿ ಇಳಿಯುವುದೇ ಆ ಅಪಾಯ.

ಸಿಂಧನೂರು ತಾಲ್ಲೂಕಿನ ಜವಳಗೇರಾ ಗ್ರಾಮವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯು ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಹರಿದ ತರುವಾಯ, ಜೋಳದ ಆ ಸೀಮೆಯಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಅಲ್ಲಿಯ ಹಿರಿಯರೊಬ್ಬರು ಬೆಳಿಗ್ಗೆ ಮಾತ್ರೆ ನುಂಗಿ, ಊಟವನ್ನು ಆಮೇಲೆ ನೋಡೋಣವೆಂದು ಗದ್ದೆಗೆ ಹೋದರೆನ್ನಿ. ಅಥವಾ ಅಂದು ಶ್ರಾವಣ ಸೋಮವಾರವೋ, ರಂಜಾನಿನ ಉಪವಾಸವೋ ಇದ್ದಿತೆನ್ನಿ. ಹೊಟ್ಟೆ ಬರಿದಾಗಿದೆಯೆಂಬುದು ಮಾತ್ರೆಗೆ ತಿಳಿಯದು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮೊದಲಾದ ಮಾತ್ರೆಗಳು ಊಟವಿರಲಿ ಬಿಡಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಈ ಭಯ ಬಹಳ ಕಡಮೆ. ಮುಪ್ಪಿನಲ್ಲಿ ಮೂತ್ರಪಿಂಡಗಳ ಶಕ್ತಿ ಕುಗ್ಗುವುದರಿಂದ ಕೆಲವು ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಗ್ಲಿಬೆನ್‌ಕ್ಲಮೈಡನ್ನು ವೃದ್ಧರಿಗೆ ಕೊಡದಿರುವುದೇ ಲೇಸೆಂದು ಇಂದಿನ ವೈದ್ಯರು ಎಣಿಸುವುದು ಈ ಕಾರಣದಿಂದಲೇ.

ರಕ್ತದ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರಗೊಳ್ಳಬೇಕು. 54ಕ್ಕಿಂತ ಇಳಿದರೆ ವಿಷಮಸ್ಥಿತಿಯೆಂದೇ ತಿಳಿಯಬೇಕು. ತರುಣರಲ್ಲಿ ಬೆವರು, ನಡುಕ, ಎದೆಬಡಿತಗಳು ಮುನ್ಸೂಚನೆ ಕೊಡುತ್ತವೆ. ವೃದ್ಧರಲ್ಲಿ ಇವು ಕಾಣದೆಯೂ ಇರಬಹುದು. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಬುದ್ಧಿ ಗಲಿಬಿಲಿಗೊಳ್ಳುತ್ತದೆ. ಮನೆಯವರು ‘ಅರಳುಮರಳು’ ಎಂದು ಸುಮ್ಮನಾಗುತ್ತಾರೆ. ಈ ತಪ್ಪು ತಿಳಿವಳಿಕೆಯೇ ಅನರ್ಥಕ್ಕೆ ಮೂಲ.

ಇಂತಹ ಸಮಯದಲ್ಲಿ ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. 15 ನಿಮಿಷಗಳಲ್ಲಿ ಸಕ್ಕರೆಯನ್ನು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಬಳಿಕ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಪ್ರಭಾವದಿಂದ ಸಕ್ಕರೆಯು ಕೆಲವು ಗಂಟೆಗಳ ಮೇಲೆ ಪುನಃ ಇಳಿಯುವುದುಂಟು. ಆದುದರಿಂದ ಚೇತರಿಸಿಕೊಂಡವರೂ ವೈದ್ಯರನ್ನು ಕಾಣಬೇಕು.

ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಬಾರದು. ವೈದ್ಯರನ್ನು ಮೂರು ಪ್ರಶ್ನೆ ಕೇಳಬಹುದು: ಈ ಮಾತ್ರೆಯಿಂದ ಸಕ್ಕರೆ ಅತಿಯಾಗಿ ಇಳಿಯುವುದೇ? ಉಪವಾಸದ ದಿನ, ವಾಂತಿಯಾದ ದಿನ ಏನು ಮಾಡಬೇಕು? ಮೂತ್ರಪಿಂಡದ ಪರೀಕ್ಷೆ ಯಾವಾಗ? ಮೂರು ತಿಂಗಳ ಸರಾಸರಿ ತಿಳಿಸುವ ಎ1ಸಿ ಪರೀಕ್ಷೆಯು ದೃಢಕಾಯರಾದ ಹಿರಿಯರಲ್ಲಿ ಶೇಕಡಾ 7ರಿಂದ 7.5ರ ಒಳಗಿದ್ದರೆ ಒಳ್ಳೆಯದು. ಅನೇಕ ರೋಗಗಳಿಂದ ಬಳಲುವವರಲ್ಲಿ 8ರ ಒಳಗಿದ್ದರೂ ಸಾಕು.

ನಗರದಲ್ಲಿರುವ ನಮ್ಮಲ್ಲಿ ಅನೇಕರು ಊರಿನಲ್ಲಿರುವ ತಂದೆತಾಯಿಗಳಿಗೆ ತಪ್ಪದೆ ಮಾತ್ರೆ ಕಳುಹಿಸುತ್ತೇವೆ. ಸಕ್ಕರೆ ಎಷ್ಟಿದೆಯೆಂದೂ ವಿಚಾರಿಸುತ್ತೇವೆ. ಅದರೊಡನೆ ನಮ್ಮ ಹಿರಿಯರು ಎಲ್ಲರನ್ನೂ ಕೇಳುತ್ತಿದ್ದ ಹಳೆಯ ಪ್ರಶ್ನೆಯನ್ನೂ ಕೇಳೋಣ: ಊಟವಾಯಿತೇ?