ಕಂಡ ಕಣ್ಣಿನ ಸಾಕ್ಷಿ, ಮೇಲ್ಮನವಿಯ ತಕ್ಕಡಿ

ಪೋತ್ನಾಳದಂತಹ ಊರಿನಲ್ಲಿ ನಾವೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಆದರೂ ಕತ್ತಲೆಯಲ್ಲಿ, ಭಯದಲ್ಲಿ ಕಂಡ ಮುಖವನ್ನು ಗುರುತಿಸುವಾಗ ಸತ್ಯವಂತನ ಕಣ್ಣೂ ತಪ್ಪುವುದುಂಟು. ಆ ಒಂದು ಮಾತಿನ ಮೇಲೆ ಇನ್ನೊಬ್ಬನ ಬಾಳೇ ನಿಂತಿರುತ್ತದೆ.

ಅಪರಿಚಿತ ಆರೋಪಿಯನ್ನು ಸಾಕ್ಷಿಯು ಹಲವರ ನಡುವೆ ಗುರುತಿಸುವ ಪೆರೇಡ್ ತನಿಖೆಗೆ ನೆರವು ಮಾತ್ರ. ನ್ಯಾಯಾಲಯದಲ್ಲಿ ಗುರುತಿಸುವುದೇ ಮುಖ್ಯ ಸಾಕ್ಷ್ಯ. ಮೊದಲೇ ಪರಿಚಿತನಾದವನಿಗೆ ಪೆರೇಡ್ ಬೇಕಿಲ್ಲ.

ರಾಯಚೂರಿನ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದರೆ ಮೇಲ್ಮನವಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಲ್ಲಿ ಕಾಯಂ ಆಯಿತು; ಅದಕ್ಕೂ ಮೊದಲು ನಮ್ಮವರು ಬೆಂಗಳೂರಿಗೇ ಹೋಗಬೇಕಿತ್ತು. ಅಲ್ಲಿ ಇಡೀ ಸಾಕ್ಷ್ಯವನ್ನು ಮರಳಿ ತೂಗುತ್ತಾರೆ: ಬೆಳಕಿತ್ತೇ? ದೂರವೆಷ್ಟು? ಮೊದಲ ದೂರಿನಲ್ಲಿ ಹೆಸರಿತ್ತೇ? ಸಾಕ್ಷಿಯನ್ನು ಕಣ್ಣಾರೆ ಕಂಡ ಕೆಳಗಿನ ನ್ಯಾಯಾಧೀಶರ ಅಭಿಪ್ರಾಯಕ್ಕೂ ಬೆಲೆಯುಂಟು.

ನಮ್ಮ ರಾಜ್ಯದ್ದೇ ಆದ ಚಂದ್ರಪ್ಪ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಬಿಡುಗಡೆ ಮಾಡಿದವರಿಗೆ ಹೈಕೋರ್ಟ್ ಶಿಕ್ಷೆ ವಿಧಿಸಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಗೊಳಿಸಿತು. ಮೇಲ್ಮನವಿ ನ್ಯಾಯಾಲಯಕ್ಕೆ ಸಾಕ್ಷ್ಯ ತೂಗುವ ಪೂರ್ಣಾಧಿಕಾರವಿದೆ. ಆದರೆ ಎರಡು ಸಮಂಜಸ ತೀರ್ಮಾನಗಳು ಸಾಧ್ಯವಿದ್ದರೆ ಬಿಡುಗಡೆಯ ತೀರ್ಪನ್ನು ಕದಲಿಸಬಾರದೆಂದು ಹೇಳಿತು.

ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಧಿಯಿದೆ. ಮರಣದಂಡನೆಯಾದರೆ 30 ದಿನ ಮಾತ್ರ. ಹಣವಿಲ್ಲವೆಂದು ಯಾವ ಮನೆಯವರೂ ಕೈಚೆಲ್ಲಬೇಕಿಲ್ಲ: 1987ರ ಕಾಯಿದೆಯಂತೆ ಸೆರೆಯಲ್ಲಿರುವವರಿಗೆ ಉಚಿತ ವಕೀಲರ ನೆರವುಂಟು.

ಸಾಕ್ಷಿಯ ಕಟ್ಟೆ ಏರುವ ಬಂಧುಗಳೇ, ಕಂಡಷ್ಟನ್ನೇ ನುಡಿಯೋಣ. ಸಂಶಯವಿದ್ದರೆ ಸಂಶಯವೆಂದೇ ಹೇಳೋಣ. ಅದೇ ನೊಂದವರಿಗೂ ನಿರಪರಾಧಿಗೂ ನಾವು ಸಲ್ಲಿಸುವ ನ್ಯಾಯ.